ಒಳಮುಖದ ಗಡಿಯಾರ

ಅವರ ಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಬದಿಗೆ, ನಾಡಿಯ ಮೇಲೆ ಇರುತ್ತಿತ್ತು. ಎಡಗೈ ಎಂದು ಬರೆಯಲು ಹೊರಟೆ, ಫೋಟೊದಲ್ಲಿ ಬಲಗೈ. ಹಾಗಾಗಿ ಮುಂದಿನದನ್ನೂ ಪೂರ್ತಿ ನಂಬಬೇಡಿ. "ಹೆರಿಗೆ ರೂಮಲ್ಲಿ ಟೈಮ್ ನೋಡ್ತಾ ಇದ್ರೆ ಕೈ ಸುಮ್ನಿರಲ್ಲ," ಎನ್ನುತ್ತಿದ್ದರು.

ಅಮೆರಿಕದ ಏಪೆಕ್ಸ್ ಊರಿನ ಕನ್ನಡಿಗರಾದ ನಮಗೆಲ್ಲ ಅವರು ಬರೀ ಡಾಕ್ಟರ್. ಗಿಡ್ಡ ಮೈ, ದೊಡ್ಡ ದನಿ, ಬ್ಯಾಗಿನಲ್ಲಿ ಸದಾ ಹುರಿಗಡಲೆ. ಕೋವಿಡ್ ಕಾಲದಲ್ಲಿ ನನ್ನ ಮಗಳು ಹುಟ್ಟುವಾಗ ಬೇರೊಬ್ಬ ವೈದ್ಯರು ದಿನ ಗೊತ್ತುಮಾಡಿ, ನೋವು ಬರಿಸುವ ಔಷಧಿ ಏರಿಸಿ, ಅದು ಸಾಲಲಿಲ್ಲವೆಂದು ಕೊಯ್ದಿದ್ದರು. ಆಗ ಆಗದ ಸೀಮಂತವನ್ನು ಗೆಳತಿಯರು ಎರಡನೆಯ ಬಸಿರಿಗೆ ಮಾಡಿದರು. ಅಲ್ಲಿ, ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ಡಾಕ್ಟರನ್ನು ಹಿಡಿದುಕೊಂಡರು.

"ಮೊದಲನೇದು ಸಿಜೇರಿಯನ್, ಇದೂ ಅದೇ ತಾನೆ? ಪುಷ್ಯ ನಕ್ಷತ್ರದಲ್ಲೇ ಮಾಡ್ಬಿಡಿ. ನನ್ ರಿಟರ್ನ್ ಟಿಕೆಟ್ಟಿಗೂ ಸರಿಹೋಗತ್ತೆ."

"ಯಾವ್ದಮ್ಮಾ? ಮೈಸೂರು ಪುಷ್ಯನಾ, ಏಪೆಕ್ಸ್ ಪುಷ್ಯನಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಬೇಕಿದ್ದುದು ಒಂದೇ: ಈ ಸಲ ನಾನೇ ಹೆರಬೇಕು. ಹಳೆಯ ಹೊಲಿಗೆ ಬಿಚ್ಚಬಹುದೆಂಬ ಭಯಕ್ಕೆ ಬೇರೆ ಯಾರೂ ಒಪ್ಪಿರಲಿಲ್ಲ. ಇವರು ಒಪ್ಪಿದ್ದರು. ಇವರ ಜೊತೆಯ ವೈದ್ಯರೊಬ್ಬರು ಹಿಂದೊಮ್ಮೆ ಹೀಗೇ ಸಹಜ ಹೆರಿಗೆಗೆಂದು ಕಾದು, ಮಗುವಿಗೆ ತೊಂದರೆಯಾಗಿ, ಕೋರ್ಟಿಗೆ ಅಲೆದಿದ್ದರಂತೆ.

"ಕೊಯ್ದಿದ್ದಕ್ಕೆ ಯಾರೂ ಕೋರ್ಟಿಗೆ ಎಳೆಯಲ್ಲ ಕಣೇ, ಕಾದಿದ್ದಕ್ಕೆ ಎಳೀತಾರೆ," ಎಂದು ಹುರಿಗಡಲೆ ಬಾಯಿಗೆ ಹಾಕಿಕೊಂಡರು. "ಆದ್ರೂ ಕಾಯೋಣ."

ಕಾದರು. ಆ ದಿನ ಬೆಳಿಗ್ಗೆಯಿಂದ ನನ್ನ ಪಕ್ಕದ ಕುರ್ಚಿ ಬಿಡಲಿಲ್ಲ. ಮಾನಿಟರಿನಲ್ಲಿ ಮಗುವಿನ ಎದೆಬಡಿತದ ಗೆರೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನರ್ಸ್ ಇಣುಕಿದಳು. ಇನ್ನೊಬ್ಬ ವೈದ್ಯರು ಇಣುಕಿ, ಗೆರೆ ನೋಡಿ ಹೋದರು. ಮಧ್ಯಾಹ್ನ ಗೆರೆ ಮತ್ತೊಮ್ಮೆ ಇಳಿದಾಗ ಡಾಕ್ಟರ್ ಗಡಿಯಾರವನ್ನು ಹೊರಬದಿಗೆ ತಿರುಗಿಸಿಕೊಂಡರು. ನನಗೆ ಆಗಲೇ ತಿಳಿಯಿತು.

"ಇನ್ನೊಂದ್ ಸ್ವಲ್ಪ, ಡಾಕ್ಟ್ರೇ."

"ಸಾಕು ಕಣಮ್ಮ."

ಮಗ ಜೋರಾಗಿ ಅಳುತ್ತಲೇ ಹೊರಬಂದ. ಸಮಯಕ್ಕೆ ಕೊಯ್ದು ತೆಗೆದದ್ದರಿಂದ ಹಾಗಿದ್ದನೋ, ಕೊಯ್ಯದಿದ್ದರೂ ಹಾಗೇ ಇರುತ್ತಿದ್ದನೋ. ಊರಿನಿಂದ ಬಂದ ಫೋನುಗಳೆಲ್ಲ "ನಾರ್ಮಲ್ಲಾ?" ಎಂದೇ ಶುರುವಾದವು. ಮರುದಿನ ಡಾಕ್ಟರ್ ಹಾಸಿಗೆಯ ತುದಿಯಲ್ಲಿ ಕೂತು, "ಬೇಕಿತ್ತಾ ಅಂತ ಕೇಳ್ಬೇಡ. ನಂಗೊತ್ತಿಲ್ಲ," ಎಂದರು. ಆಮೇಲೆ ಅವರೂ ಅಂಥ ಹೆರಿಗೆ ಒಪ್ಪಿಕೊಳ್ಳುವುದನ್ನು ಬಿಟ್ಟರೆಂದು ಕೇಳಿದೆ.

ಹೋದ ವರ್ಷ ಅವರಿಗೆ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಎಲ್ಲ ಕಡೆ ಹರಡಿತ್ತು. ನೋಡಲು ಹೋದೆ. ಸೊರಗಿದ ಕೈಯಲ್ಲಿ ಗಡಿಯಾರ ಸಡಿಲವಾಗಿ, ಅದರ ಮುಖ ತನ್ನಿಷ್ಟದ ಕಡೆಗೆ ಹೊರಳುತ್ತಿತ್ತು. ಮಗ ಮನೆತುಂಬ ಓಡುತ್ತಾನೆ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಇನ್ನೂ ಸ್ವಲ್ಪ ಕಾಯಬಹುದಿತ್..."

ಕೊನೆಯದು 'ತು' ಆಗಿತ್ತೋ 'ತಾ' ಆಗಿತ್ತೋ, ಉಸಿರಿನಲ್ಲಿ ಕರಗಿಹೋಯಿತು. 'ತು' ಆದರೆ ತಪ್ಪೊಪ್ಪಿಗೆ. 'ತಾ' ಆದರೆ ನನ್ನನ್ನು ಕೇಳಿದ ಪ್ರಶ್ನೆ.

"ಏನಂದ್ರಿ, ಡಾಕ್ಟ್ರೇ?"

ನಿದ್ದೆ ಹೋಗಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಅವರು ಏಳಲಿ ಎಂದು ಕತ್ತಲಾಗುವವರೆಗೂ ಕಾದೆ.

ಏಳಲಿಲ್ಲ.