ಜಗಲಿಯಿಂದ ಕಂಡ ಜಾಕಿ

ಅವಲಪಲ್ಲಿಯ ನಮ್ಮ ಅಕ್ಕನ ಮನೆಯ ಜಗಲಿಯ ಮೇಲೆ ಅಂದು ಇದ್ದವರು ಮೂರೇ ಜನ: ಬಾವ ಮುನಿರಾಜಪ್ಪ, ಅವರ ಮಗಳು ನೇತ್ರಾ, ಭಾನುವಾರದ ಕೋಳಿ ಸಾರಿಗೆಂದು ಹೋಗಿ ಪಂಚಾಯ್ತಿಗೆ ಸಿಕ್ಕಿಬಿದ್ದ ನಾನು. ನಾಲ್ಕನೆಯವನು ಬಾವನ ಫೋನಿನೊಳಗೆ ಕೆಂಪು ಟೋಪಿ ಹಾಕಿಕೊಂಡು ಕುದುರೆಯ ಮೇಲೆ ಕೂತಿದ್ದ. ವಿಚಾರಣೆ ಅವನದೇ. ಈಗಲೂ ಟೀ ಅಂಗಡಿಯಲ್ಲಿ ಯಾರದಾದರೂ ಫೋನಿನಿಂದ ರೇಸಿನ ಕಾಮೆಂಟರಿ ಕೇಳಿಸಿದರೆ ನನ್ನ ಮೂಗಿಗೆ ಆ ಕೋಳಿ ಸಾರು ಅಡರುತ್ತದೆ. ಮೊನ್ನೆಯೂ ಹಾಗೇ ಆಯಿತು.

ಹುಡುಗನ ಹೆಸರು ಮಂಜುನಾಥ, ಉದ್ದನಪಲ್ಲಿ ಕಡೆಯವನು. ಬೆಂಗಳೂರಿನ ರೇಸಿನಲ್ಲಿ ಮುಂದೆ ಬರುತ್ತಿರುವ ಜಾಕಿ ಎಂದು ಬಲ್ಲವರು ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಬಲ್ಲವರ ಮಾತನ್ನು ಕೇಳುವ ಅಭ್ಯಾಸವಿಲ್ಲ. ಹಿಂದಿನ ವಾರ ಅವನು ನೇತ್ರಾಳನ್ನು ನೋಡಲು ಬಂದಾಗ ಬಾವ, "ಕೂತೇ ಇದ್ದೀಯಲ್ಲಪ್ಪಾ, ಎದ್ದು ಬಾ" ಎಂದಿದ್ದರು. ಅವನು ಆಗಲೇ ಎದ್ದು ನಿಂತಿದ್ದ. ಅಕ್ಕ ಹಾಕಿದ ಒಬ್ಬಟ್ಟಿನಲ್ಲಿ ಕಾಗೆಗೆ ಇಡುವಷ್ಟು ಮುರಿದು ತಿಂದು, ತೂಕ ಏರಿದರೆ ಕುದುರೆ ಹತ್ತಿಸುವುದಿಲ್ಲ ಎಂದು ಕೈ ಮುಗಿದ. ನೇತ್ರಾ ಮಾತ್ರ "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಬಾವನಿಗೆ ಓಟವೆಂದರೆ ಎತ್ತು ಬಿಡುವ ಹಬ್ಬದ ಓಟ. ಬೀದಿಯಲ್ಲಿ ಎತ್ತನ್ನು ಬಿಟ್ಟರೆ ಅದು ಒಂಟಿಯಾಗಿ ಓಡುತ್ತದೆ, ಮೇಲೆ ಯಾರೂ ಇರುವುದಿಲ್ಲ. ಹೀಗಾಗಿ ಜಾಕಿ ಎಂಬ ಪ್ರಾಣಿ ಯಾಕಿದೆ ಎಂಬುದೇ ಅವರಿಗೆ ಅರ್ಥವಾಗಿರಲಿಲ್ಲ.

"ಓಡೋದು ಕುದುರೆ, ಹೆಸ್ರು ಇವ್ನಿಗೆ. ನಮ್ಮೆತ್ತಿನ ಮೇಲೆ ಯಾವನ್ಲಾ ಕೂತ್ಕತಾನೆ? ಇವ್ನು ಬರೀ ಲಗೇಜು ಕಣ್ಲಾ."

ಆ ಲಗೇಜು ಹೆಣ್ಣು ನೋಡಿ ಹೊರಡುವಾಗ ಒಂದು ಮಾತು ಹೇಳಿ ಹೋಗಿತ್ತು: "ಯಜಮಾನ್ರೇ, ಬರೋ ಭಾನುವಾರ ಒಳ್ಳೆ ಕುದುರೆ ಕೊಟ್ಟವ್ರೆ. ನೋಡ್ಬುಟ್ಟು ಹೇಳಿ." ಬಾವ ಅದನ್ನು ಸವಾಲೆಂದು ಹಿಡಿದರು. ಗೆದ್ದರೆ ಹೆಣ್ಣು, ಸೋತರೆ ಇಲ್ಲ ಎಂದು ಹುಡುಗನಿಗೇ ಫೋನಿನಲ್ಲಿ ಸಾರಿಬಿಟ್ಟಿದ್ದರು. ಮಗಳನ್ನು ಕೊಡುವ ಕ್ರಮ ಇದಲ್ಲ ಎಂದು ರೇಸಿನ ದಿನವಾದರೂ ಹೇಳಬೇಕಾದ ನಾನು ಕೋಳಿಯ ಕಾಲು ಚೀಪುತ್ತಿದ್ದೆ.

ರೇಸು ಶುರುವಾಯಿತು. ಕೊನೆಯ ತಿರುವು ದಾಟುವಾಗ ಕೆಂಪು ಟೋಪಿ ಎರಡನೆಯದು. ಮುಂದಿನ ಕುದುರೆಯ ಹೆಗಲಿನವರೆಗೆ ಬಂದಿತ್ತು. ಬಾವ ತಮಗೇ ತಿಳಿಯದಂತೆ ಅರ್ಧ ಎದ್ದಿದ್ದರು. ಇದ್ದಕ್ಕಿದ್ದಂತೆ, ಕುದುರೆಯ ಕೊರಳ ಮೇಲೆ ಬಾಗಿದ್ದ ಟೋಪಿ ನೆಟ್ಟಗಾಯಿತು, ಹಿಂದೆ ಸರಿಯಿತು, ಉಳಿದ ಕುದುರೆಗಳ ನಡುವೆ ಕಾಣೆಯಾಯಿತು. ಕ್ಯಾಮೆರಾ ಗೆದ್ದವನ ಹಿಂದೆ ಹೊರಟುಹೋಯಿತು.

"ಗೆಲ್ಲೋ ಹೊತ್ನಲ್ಲಿ ಕೈಬಿಟ್ಟ. ಥೂ, ವೇಸ್ಟು" ಎಂದರು ಬಾವ. ಚಾಟಿ ಬೀಸಲೂ ಕೈಲಾಗಲಿಲ್ಲವಲ್ಲ ಎಂದು ನಾನೂ ಒಗ್ಗರಣೆ ಹಾಕಿದೆ. ಒಬ್ಬಟ್ಟು ತಿಂದಿದ್ದರೆ ಕೈಲಾಗುತ್ತಿತ್ತು ಎಂದು ಬಾವ ತೀರ್ಪು ಮುಗಿಸಿದರು. ನಮ್ಮಿಬ್ಬರಲ್ಲಿ ಒಬ್ಬನೂ ಜನ್ಮದಲ್ಲಿ ಕುದುರೆ ಹತ್ತಿದವನಲ್ಲ.

ನೇತ್ರಾ ಅಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ಹಿಂದಕ್ಕೆ ಓಡಿಸಿ ಒಂದು ಕಡೆ ನಿಲ್ಲಿಸಿದಳು.

"ಅಪ್ಪಾ, ಎತ್ತು ತರಕ್ಕೆ ಹೋದ್ರೆ ನೀನು ಮೊದ್ಲು ಏನ್ ನೋಡ್ತೀಯ?"

"ಕಾಲು."

"ನೋಡು."

ನನಗೆ ಕಂಡದ್ದು ಬರೀ ಧೂಳು. ಬಾವ ಮಾತ್ರ ಅದನ್ನೇ ಮತ್ತೆ ಮತ್ತೆ ಓಡಿಸಿ ನೋಡಿದರು. ಕುದುರೆಯ ಮುಂಗಾಲು ಕೆಂಡ ತುಳಿದಂತೆ ನೆಲಕ್ಕೆ ತಾಗಿ ಹಿಂದಕ್ಕೆ ಬಂದಿತ್ತಂತೆ. ಹುಡುಗ ಲಗಾಮು ಜಗ್ಗಿ, ಟೋಪಿ ನೆಟ್ಟಗಾದದ್ದು ಆಗಲೇ.

"ಅವ್ರಿಗೆ ಗೊತ್ತಿತ್ತು ಅಪ್ಪಾ, ನೀನು ನೋಡ್ತಾ ಇರ್ತೀಯ ಅಂತ. ಆದ್ರೂ ನಿಲ್ಸಿದ್ರು" ಎಂದಳು ನೇತ್ರಾ.

ಬಾವ ಫೋನನ್ನು ಜೇಬಿಗೆ ಹಾಕಿಕೊಂಡರು. "ಆದ್ರೂ ಎರಡು ಹೆಜ್ಜೆ ತಡ ಮಾಡ್ದ. ನಾನಾಗಿದ್ರೆ ಇನ್ನೂ ಮುಂಚೇನೇ ನಿಲ್ಸಿರ್ತಿದ್ದೆ" ಎಂದರು. ಲಗೇಜಿಗೆ ಬುದ್ಧಿ ಹೇಳುವವರನ್ನು ನಾನು ನೋಡಿದ್ದು ಅಂದೇ. ಸಂಜೆ ಹುಡುಗನಿಗೆ ಫೋನು ಮಾಡಿದರು. ಕುದುರೆಯ ಕಾಲು ಹೇಗಿದೆ ಎಂದು ಕೇಳಿ, ಯಾವ ಮದ್ದು ಕಟ್ಟಿದ್ದೀರಿ ಎಂದು ಕೇಳಿ, ಅದೂ ಸರಿಯಿಲ್ಲ ಎಂದು ಬೈದು, ಕೊನೆಗೆ ನಿಮ್ಮಮ್ಮನನ್ನು ಕರೆದುಕೊಂಡು ಬಾ ಎಂದರು.

ಮೊನ್ನೆ ಟೀ ಅಂಗಡಿಯಲ್ಲಿ ಒಬ್ಬ ಫೋನು ನೋಡುತ್ತ ಯಾವನೋ ಜಾಕಿಯನ್ನು ಉಗಿಯುತ್ತಿದ್ದ. ಮುಂಚೆಯಾಗಿದ್ದರೆ ನಾನೂ ಎರಡು ಮಾತು ಸೇರಿಸುತ್ತಿದ್ದೆ. ಹಿಂದಕ್ಕೆ ಓಡಿಸಿ ನೋಡು ಎಂದೆ. ನನ್ನನ್ನು ಹುಚ್ಚನೆಂಬಂತೆ ನೋಡಿದ.

ನೇತ್ರಾಳ ಮದುವೆಯಾಗಿ ಈಗ ಮೂರು ತಿಂಗಳು. ಆ ಕುದುರೆ ಮತ್ತೆ ಓಡಲಿಲ್ಲ. ಮಾಲೀಕರು ಅದನ್ನು ಹೊಸೂರಿನಾಚೆಯ ಒಂದು ಫಾರಮ್ಮಿಗೆ ಕಳಿಸಿದ್ದಾರೆ. ಕಳೆದ ವಾರ ಬಾವ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದರು. ಗೇಟಿನ ಕಾವಲುಗಾರ, ಒಳಗೆ ಬಿಡುವುದಿಲ್ಲ, ನೀವು ಯಾರು ಎಂದು ಕೇಳಿದ.

"ಜಾಕಿ ಮಂಜುನಾಥನ ಮಾವ" ಎಂದರು ಬಾವ.