ಅಕ್ಕ ನೀರು ಕುಡಿಯದೆ ಕಾಡು ನೋಡಿದ್ದು

ನಾವು ನಾಲ್ವರು ಒಡಹುಟ್ಟಿದವರು ನಾಲ್ಕು ತಾಲೂಕುಗಳನ್ನು ಹಂಚಿಕೊಂಡು ಬದುಕುತ್ತಿದ್ದೇವೆ. ಅಕ್ಕ ಇಂಡಿಯಲ್ಲಿ, ನಾನು ಸಿಂದಗಿಯಲ್ಲಿ, ತಮ್ಮ ಬಸವನ ಬಾಗೇವಾಡಿಯ ತವರಿನಲ್ಲಿ, ತಂಗಿ ಮುದ್ದೇಬಿಹಾಳದಲ್ಲಿ. ಮದುವೆ, ಸಾವು ಬಿಟ್ಟರೆ ಎಲ್ಲರೂ ಒಂದೆಡೆ ಸೇರುವುದು ಕಡಿಮೆ. ಹೀಗಿರುವಾಗ ಎರಡು ವರ್ಷದ ಹಿಂದೆ ಅಕ್ಕನ ಗಂಡನಿಗೆ, ನಾವೆಲ್ಲ ಮಾವ ಎಂದು ಕರೆಯುವವರಿಗೆ, ಹುಲಿ ನೋಡುವ ಮನಸ್ಸಾಯಿತು.

ಮಾವ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಮೂವತ್ತು ಚಿಲ್ಲರೆ ವರ್ಷ ಊರವರನ್ನೆಲ್ಲ ಬಸ್ಸು ಹತ್ತಿಸಿ ಕಳಿಸಿದರು, ತಾವು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಿವೃತ್ತಿಯ ನಂತರ ಮನೆಯಲ್ಲಿ ಹೊರಡಿಸುವುದಕ್ಕೆ ಬಸ್ಸಿಲ್ಲದೆ ಕಂಗಾಲಾಗಿದ್ದರು. ದಕ್ಷಿಣದ ಒಂದು ದೊಡ್ಡ ರಾಷ್ಟ್ರೀಯ ಉದ್ಯಾನಕ್ಕೆ ಎಂಟು ಜನ ಹೋಗುವುದೆಂದು ಗೊತ್ತಾದ ಕೂಡಲೇ ಅವರ ಮುಖಕ್ಕೆ ಕಳೆ ಬಂತು. ಆ ಉದ್ಯಾನದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ನಡೆದದ್ದರಲ್ಲಿ ಕಾಡಿನ ತಪ್ಪೇನೂ ಇರಲಿಲ್ಲ.

ಸಭೆಗಳು ನಮ್ಮ ಮನೆಯಲ್ಲಿ ನಡೆದವು. ಸಿಂದಗಿ ಎಲ್ಲರಿಗೂ ನಡುವೆ ಬೀಳುತ್ತದೆ ಎಂಬುದು ಮಾವ ಕೊಟ್ಟ ಕಾರಣ. ನನ್ನ ಕೈಯ ಚಹಾ ಯಾರಿಗೂ ಭಾರವಲ್ಲ ಎಂಬುದು ಅವರು ಹೇಳದ ಕಾರಣ. ಮೂರು ಭಾನುವಾರ ನಾಲ್ಕು ಗಂಡಸರು ನಮ್ಮ ಪಡಸಾಲೆಯಲ್ಲಿ ಕೂತು ಕಾಡನ್ನು ಗೆದ್ದರು. ಮಾವನ ಕೈಯಲ್ಲಿ ಉದ್ದನೆಯ ನೋಟುಬುಕ್ಕು. ಅದರಲ್ಲಿ ಎಲ್ಲಿ ಡೀಸೆಲ್, ಎಲ್ಲಿ ಊಟ, ಮೈಸೂರಿನಲ್ಲಿ ಯಾವ ವಸತಿಗೃಹ, ಸಫಾರಿಯ ಬುಕಿಂಗ್ ಯಾರ ಹೆಸರಲ್ಲಿ, ಗುರುತಿನ ಚೀಟಿ ಯಾರ ಚೀಲದಲ್ಲಿ, ಕ್ರೂಜರ್ ಗಾಡಿಯ ಯಾವ ಸೀಟಿನಲ್ಲಿ ಯಾರು, ಎಲ್ಲವೂ ಇತ್ತು. ಹುಲಿಗೂ ಒಂದು ಸಾಲು ಕೊಟ್ಟಿದ್ದರು. ಬೆಳಿಗ್ಗೆ ಏಳರಿಂದ ಏಳೂವರೆಯೊಳಗೆ.

"ಹುಲಿಗೆ ತಿಳಿಸೀರೇನ್ರಿ ಮಾವ?" ಎಂದು ಕೇಳಿದೆ.

"ನಿನ್ನ ಚಾಷ್ಟಿ ಬಿಡು. ಆ ಹೊತ್ತಿಗೆ ಅದು ನೀರಿಗೆ ಬರ್ತೈತಿ. ಎಲ್ಲಾ ಓದೇನಿ ನಾ."

ಎರಡನೆಯ ಸಭೆ ಪೂರ್ತಿ ನಮ್ಮ ಸೀರೆಗಳ ಬಣ್ಣಕ್ಕೆ ಹೋಯಿತು. ಕೆಂಪು, ಹಳದಿ ಉಟ್ಟರೆ ಪ್ರಾಣಿಗಳು ಓಡಿಹೋಗುತ್ತವಂತೆ. ಮಲ್ಲಿಗೆ ಮುಡಿಯಕೂಡದು, ಬಳೆ ಸದ್ದು ಮಾಡಕೂಡದು, ಕೆಮ್ಮು ಬಂದರೆ ನುಂಗಬೇಕು. ಇಷ್ಟೆಲ್ಲ ಮಾಡಿದರೆ ನಾವು ಅಲ್ಲಿ ಇದ್ದೇವೆ ಎಂಬುದು ನಮಗೇ ಗೊತ್ತಾಗುವುದಿಲ್ಲ ಎಂದು ತಂಗಿ ನನ್ನ ಕಿವಿಯಲ್ಲಿ ಹೇಳಿದಳು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ಅರವತ್ತರ ಹತ್ತಿರದವಳು, ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ತಾಸಿಗೊಮ್ಮೆ ಬಚ್ಚಲಿಗೆ ಎದ್ದು ಹೋಗುತ್ತಾಳೆ. ಅದು ನಮಗೆಲ್ಲ ಗೊತ್ತು. ಮೂರನೆಯ ಸಭೆಯಲ್ಲಿ ನಾನು ಧೈರ್ಯ ಮಾಡಿ ಕೇಳಿದೆ.

"ಮಾವ, ದಾರ್ಯಾಗ ಇಳಿಯೂದು ಎಲ್ಲೆಲ್ಲಿ?"

"ಚಾಕ್ಕ ಮೂರ ಕಡೆ. ಬರದೇನಿ ನೋಡು."

"ಚಾಕ್ಕಲ್ರಿ..."

ಗಂಡಸರು ನಾಲ್ವರೂ ನನ್ನ ಮುಖ ನೋಡಿದರು. ಹೈಸ್ಕೂಲಿನಲ್ಲಿ ಐವತ್ತು ಹುಡುಗರ ಎದುರು ಜೀವಶಾಸ್ತ್ರ ಕಲಿಸುವವಳು ನಾನು. ಮೂತ್ರಪಿಂಡದ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೂ ಸ್ವಂತ ಮಾವನೆದುರು ಆ ಮಾತು ಗಂಟಲಿನಿಂದ ಹೊರಡಲಿಲ್ಲ. "ಏನಿಲ್ರಿ" ಎಂದು ಕಪ್ಪುಬಸಿಗಳನ್ನು ಎತ್ತಿಕೊಂಡು ಒಳಗೆ ಬಂದೆ. ಅಕ್ಕ ತಲೆ ಎತ್ತಲಿಲ್ಲ. "ಹೋಗ್ಲಿ ಬಿಡ, ನಾ ನೋಡ್ಕೋತೇನಿ" ಎಂದಳು.

ಅವಳು ನೋಡಿಕೊಂಡ ರೀತಿ ಹೊರಟ ದಿನ ತಿಳಿಯಿತು. ನಸುಕಿನಲ್ಲಿ ಗಾಡಿ ಇಂಡಿಯಿಂದ ಹೊರಟು ನಮ್ಮನ್ನು ಹತ್ತಿಸಿಕೊಂಡಿತು. ಹೂವಿನ ಹಿಪ್ಪರಗಿಯಲ್ಲಿ ಮೊದಲ ಚಹಾ. ದಿನಕ್ಕೆ ಐದು ಸಲ ಚಹಾ ಕುಡಿಯುವ ಅಕ್ಕ ಬೇಡವೆಂದಳು. ಬಾಗೇವಾಡಿಯಲ್ಲಿ ತಮ್ಮನ ಹೆಂಡತಿ ಮಜ್ಜಿಗೆ ತಂದಳು, ಬೇಡ. ಮುದ್ದೇಬಿಹಾಳದಲ್ಲಿ ತಂಗಿ ನಿಂಬೆ ಪಾನಕ ಕೊಟ್ಟಳು. ಅದನ್ನೂ ಬೇಡವೆಂದಳು, ಇಂಡಿಯ ತನ್ನದೇ ತೋಟದಿಂದ ತಾನೇ ತಂಗಿಗೆ ಕಳಿಸಿದ್ದ ನಿಂಬೆಯನ್ನು. ಮಧ್ಯಾಹ್ನದ ರೊಟ್ಟಿ, ಶೇಂಗಾ ಚಟ್ನಿಯನ್ನು ಅವಳು ಒಣಗಂಟಲಿನಲ್ಲಿ ಇಳಿಸಿದಳು. ಬಾಟಲಿ ಕೊಟ್ಟರೆ ತುಟಿ ತೋಯಿಸಿ ತಿರುಗಿ ಕೊಟ್ಟಳು.

"ನೀರ್ಯಾಕ ಕುಡೀವಲ್ಲಿ?" ಎಂದು ಕೇಳಿದೆ.

"ಕುಡದ್ರ ಇಳೀಬೇಕು. ಇಳದ್ರ ಟೈಮ್ ತಪ್ಪತೈತಿ. ಟೈಮ್ ತಪ್ಪಿದ್ರ ನಿಮ್ಮ ಮಾವಗ ಉಣ್ಣೂದು ಸೇರೂದಿಲ್ಲ."

ಮುಂದಿನ ಸೀಟಿನಲ್ಲಿ ಮಾವ ಗಡಿಯಾರ ನೋಡಿ, ಹಿರಿಯೂರಿಗೆ ಹನ್ನೆರಡು ನಿಮಿಷ ಮೊದಲೇ ಮುಟ್ಟಿದೆವೆಂದು ಸಾರಿದರು. ಎಲ್ಲರಿಗೂ ಸಂತೋಷವಾಯಿತು. ಆ ಹನ್ನೆರಡು ನಿಮಿಷವನ್ನು ಏನು ಮಾಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಗಿನ ಆರು ಗಂಟೆಗೆ ಸಫಾರಿಯ ಬಾಗಿಲಲ್ಲಿದ್ದೆವು. ಎಂಟೂ ಜನ ಒಣಗಿದ ಎಲೆಯ ಬಣ್ಣದ ಬಟ್ಟೆಯಲ್ಲಿದ್ದೆವು. ನಮ್ಮ ಮುಂದೆ ಸಾಲಿನಲ್ಲಿದ್ದ ಕುಟುಂಬವೊಂದು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಆರಾಮಾಗಿ ನಗುತ್ತಿತ್ತು. ಚಳಿ ಅಂದರೆ ಚಳಿ. ನಮ್ಮ ಸೀಮೆಯ ಬಿಸಿಲಿಗೆ ಬೆಳೆದ ಮೈಗಳು ಗಡಗಡ ನಡುಗಿದವು. ಆಗ ಮಾವನಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಅಕ್ಕರೆ ಬಂತು. ಎದುರಿನ ಅಂಗಡಿಯಿಂದ ಬಿಸಿ ಕಾಫಿ ತಂದು, ಒಂದಲ್ಲ, ಎರಡು ಲೋಟ ಎದುರಿಗೆ ನಿಂತು ಕುಡಿಸಿದರು. ನಿನ್ನೆಯಿಂದ ಬಾಯಾರಿದ ಅಕ್ಕ ಅದೊಂದು ಕಡೆ ಸೋತಳು.

ಸಫಾರಿಯ ಬಸ್ಸು ಹೊರಟು ಅರ್ಧ ತಾಸಾಗಿರಬಹುದು. ಜಿಂಕೆ ನೋಡಿದೆವು, ನವಿಲು ನೋಡಿದೆವು, ನಮ್ಮ ಹೊಲದಲ್ಲಿ ದಿನಾ ಕಾಣುವ ಮುಂಗುಸಿಯನ್ನೂ ಹೊಸದೆಂಬಂತೆ ನೋಡಿದೆವು. ಅಕ್ಕ ನನ್ನ ಮುಂಗೈ ಹಿಡಿದಳು.

"ಏಕಿಗಿ ಹೋಗಬೇಕ."

ನಮ್ಮ ಕಡೆ ಸಾಲಿ ಮಕ್ಕಳಿಂದ ಮುದುಕರವರೆಗೆ ಮೂತ್ರಕ್ಕೆ ಹೋಗುವುದಕ್ಕೆ ಏಕಿ ಎನ್ನುತ್ತಾರೆ. ನಾನು ತಂಗಿಯ ಕಡೆ ನೋಡಿದೆ. ಡ್ರೈವರನ ಹಿಂದೆ ಕೂತಿದ್ದ ಅವಳು ಮುಂದಕ್ಕೆ ಬಾಗಿ ಮೆಲ್ಲಗೆ, "ಅಕ್ಕ ಏಕಿಗಿ ಹೋಗಬೇಕಂತಾಳ್ರಿ" ಎಂದಳು.

ಡ್ರೈವರ್ ಮೈಸೂರು ಸೀಮೆಯವನು. "ಏಕೆ ಹೋಗ್ಬೇಕು? ಇನ್ನೂ ಅರ್ಧ ಕಾಡೂ ನೋಡಿಲ್ವಲ್ಲಮ್ಮ" ಎಂದ.

"ಏಕೆ ಅಲ್ರಿ, ಏಕಿ."

"ಅದೇ, ಏಕೆ ಅಂತ ಕೇಳ್ತಿರೋದು."

ಕಡೆಗೆ ನಾನೇ ಎದ್ದು, ಮೂರು ಭಾನುವಾರ ನುಂಗಿದ ಮಾತನ್ನು ಇಪ್ಪತ್ತು ಜನ ಅಪರಿಚಿತರ ಎದುರು ಪಠ್ಯಪುಸ್ತಕದ ಕನ್ನಡದಲ್ಲಿ ಹೇಳಿದೆ. ಮಾವ ಕಿಟಕಿಯ ಹೊರಗೆ ಒಂದು ಮರವನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು.

ಡ್ರೈವರ್ ಒಳ್ಳೆಯವನು. "ಇಲ್ಲಿ ಇಳಿಸೋ ಹಾಗಿಲ್ಲಮ್ಮ. ಹತ್ತು ನಿಮಿಷ ತಡ್ಕೊಳ್ಳಿ, ಅಡ್ಡದಾರೀಲಿ ಗೇಟಿಗೆ ಬಿಡ್ತೀನಿ" ಎಂದು ಗಾಡಿ ತಿರುಗಿಸಿದ. ತಿರುವು ದಾಟಿದರೆ ದಾರಿಯ ನಡುವೆ ಆನೆ. ಮರಿಯೂ ಜೊತೆಗಿತ್ತು. ಮರಿ ಇರುವಾಗ ಹಾರನ್ ಹಾಕುವಂತಿಲ್ಲ, ಮುಂದೆ ಹೋಗುವಂತಿಲ್ಲ. ಡ್ರೈವರ್ ಎಂಜಿನ್ ಆರಿಸಿದ. ಬಸ್ಸಿನಲ್ಲಿದ್ದವರೆಲ್ಲ ಮೊಬೈಲು ಎತ್ತಿದರು. ಎಂಥ ಭಾಗ್ಯ, ಎಂಥ ಭಾಗ್ಯ ಎಂದು ಪಿಸುಗುಟ್ಟಿದರು. ಅಕ್ಕ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದಳು.

ಆನೆ ಬಿದಿರು ಎಳೆಯಿತು, ಕಿವಿ ಬೀಸಿತು, ಧೂಳು ಎರಚಿಕೊಂಡಿತು. ಆಮೇಲೆ ನಿಂತಲ್ಲೇ, ಎಲ್ಲರ ಎದುರು, ಅಷ್ಟು ಕ್ಯಾಮರಾಗಳ ಎದುರು, ಕೊಡಗಟ್ಟಲೆ ಉಚ್ಚೆ ಹೊಯ್ದಿತು. ಆ ಸದ್ದಿಗೆ ಅಕ್ಕ ಕಣ್ಣು ತೆರೆದಳು. ಸ್ವಲ್ಪ ಹೊತ್ತು ನೋಡಿ, "ಅದಕ್ಕೇನವ್ವ, ಯಾರ ಅಂಜಿಕಿ" ಎಂದಳು. ನನಗೆ ನಗು ಬಂತು. ಅವಳು ನನ್ನ ಕೈ ಚಿವುಟಿ, "ನಗಿಸಬ್ಯಾಡ, ಆಗೂದಿಲ್ಲ" ಎಂದಳು.

ಇಪ್ಪತ್ತು ನಿಮಿಷಕ್ಕೆ ಆನೆ ದಾರಿ ಬಿಟ್ಟಿತು. ಗೇಟಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅಕ್ಕ ಬಾಗಿಲಲ್ಲಿದ್ದಳು. ವರ್ಷದಿಂದ ಮೆಟ್ಟಿಲಿಗೆ ಹೆದರುತ್ತಿದ್ದ ಆ ಮೊಣಕಾಲುಗಳು ಅವತ್ತು ಓಡಿದ್ದನ್ನು ನಾನು ಕಂಡೆ. ಮರ್ಯಾದೆ ಉಳಿಯಿತು. ಬಸ್ಸು ಮತ್ತೆ ಕಾಡಿಗೆ ಹೊರಟಾಗ ನಾವಿಬ್ಬರೂ ಹತ್ತಲಿಲ್ಲ. ಹುಲಿ ಅವರಿಗೂ ಕಾಣಲಿಲ್ಲವೆಂದು ಆಮೇಲೆ ತಿಳಿದು ನಾನು ವಿಷಾದ ತೋರಿಸಿದೆ, ಆದಷ್ಟು ಮಟ್ಟಿಗೆ.

ಸಂಜೆಗೆ ಅಕ್ಕನಿಗೆ ಜ್ವರ ಬಂತು, ಏಕಿಗೆ ಹೋದರೆ ಉರಿಯೂ ಇತ್ತು. ಮೈಸೂರಿನಲ್ಲಿ ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದೆವು. ವೈದ್ಯೆ ನನ್ನ ವಿದ್ಯಾರ್ಥಿನಿಯಷ್ಟೇ ಸಣ್ಣ ವಯಸ್ಸಿನವಳು. ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಆಗಿದೆ ಎಂದು ಗುಳಿಗೆ ಬರೆದಳು.

"ನೀರು ಯಾಕಮ್ಮ ಕುಡಿದಿಲ್ಲ? ಸಕ್ಕರೆ ಕಾಯಿಲೆ ಬೇರೆ ಇದೆ ನಿಮಗೆ."

ವೈದ್ಯೆ ಮಾವನ ಕಡೆ ತಿರುಗಿ, "ಯಜಮಾನ್ರೇ, ದಾರೀಲಿ ಎಲ್ಲೂ ನಿಲ್ಲಿಸಲೇ ಇಲ್ವಾ?" ಎಂದಳು.

"ನಿಲ್ಲಿಸೇವ್ರಿ. ಮೂರ ಕಡೆ, ಚಾಕ್ಕ" ಎಂದರು ಮಾವ. ಹೇಳಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿಯಿತು. ಹೆಂಡತಿಯನ್ನು ನೋಡಿ, "ನನಗ ಹೇಳಬಾರದೇನ?" ಎಂದು ಕೇಳಿದರು.

"ಮೂವತ್ತೈದ ವರ್ಷ ಒಂದ ಮನ್ಯಾಗ ಅದೇವಿ. ಹೇಳಬೇಕೇನ್ರಿ?" ಎಂದಳು ಅಕ್ಕ. ಸಿಟ್ಟಿರಲಿಲ್ಲ. ಬರೀ ದಣಿವಿತ್ತು.

ಅರಮನೆ ನೋಡುವುದು ರದ್ದಾಯಿತು. ಯಾರೂ ಗೊಣಗಲಿಲ್ಲ. ಜ್ವರ ಇಳಿದ ಮೇಲೆ ಹೊರಟೆವು. ಹಿಂದಿರುಗುವ ದಾರಿಯಲ್ಲಿ ಪೆಟ್ರೋಲ್ ಬಂಕು ಕಂಡಲ್ಲೆಲ್ಲ ಮಾವ ಗಾಡಿ ನಿಲ್ಲಿಸಿದರು. ಮೊದಲು ತಾವೇ ಇಳಿದು, ಅಲ್ಲಿನ ಹೆಣ್ಣುಮಕ್ಕಳನ್ನು ಒಳಗೆ ನೀರಿದೆಯೇ, ಚಿಲಕ ಹಾಕಲು ಬರುತ್ತದೆಯೇ ಎಂದು ಕೇಳಿ ಬಂದು, "ಹೋಗಿ ಬಾ" ಎನ್ನುತ್ತಿದ್ದರು. ಚಿತ್ರದುರ್ಗ ದಾಟುವುದರೊಳಗೆ ಇದು ಆರು ಸಲ ಆಯಿತು. ಏಳನೆಯ ಸಲ ಗಾಡಿ ನಿಧಾನವಾದಾಗ ಅಕ್ಕ ಹಿಂದಿನ ಸೀಟಿನಿಂದ, "ನನಗ ಬಂದಾಗ ನಾ ಹೇಳ್ತೇನ್ರಿ. ಈಗ ನಡೀಲಿ" ಎಂದಳು.

ಮಾವ ಕ್ರೂಜರಿನ ಡ್ರೈವರನಿಗೆ ಮುಂದೆ ಹೋಗೆಂದು ಕೈ ಮಾಡಿದರು. ಅಕ್ಕ ನೀರಿನ ಬಾಟಲಿ ಕೇಳಿ ಇಸಿದುಕೊಂಡು, ಅರ್ಧ ಖಾಲಿ ಮಾಡಿ, ಹೊರಗೆ ಸೂರ್ಯಕಾಂತಿ ಹೊಲಗಳನ್ನು ನೋಡುತ್ತ ಕೂತಳು.