ಗಲಗಲಿಯ ಕೆಸರು, ಬನಹಟ್ಟಿಯ ಸೋಡಾ ನೀರು

‘ಈ ಚಿತ್ರವನ್ನು ಬರೆದದ್ದು ಕೃಷ್ಣಾ ನದಿ.’ ಧಾರವಾಡದ ಪ್ರದರ್ಶನದಲ್ಲಿ ಈ ಚೀಟಿ ಓದಿ ತಲೆದೂಗಿದವರು ಬಹಳ. ಆ ರೀಲಿನ ಜೊತೆ ಆರು ದಿನ ಬಸ್ಸು ಹತ್ತಿ ಇಳಿದವಳು ನಾನು. ನನಗೆ ತಕರಾರಿದೆ.

ಗೆಳತಿ ಶ್ವೇತಾ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಗಲಗಲಿಯ ಹೊಳೆದಂಡೆಯನ್ನು ಸೆರೆಹಿಡಿದು ಒಂದು ರೀಲು ಸಿದ್ಧಮಾಡಿದ್ದಳು. ಅದನ್ನು ಅದೇ ದಂಡೆಯ ಕೆಸರಿನಲ್ಲಿ ಹೂಳಬೇಕು, ಕೆಸರು ಚಿತ್ರವನ್ನು ತಿಂದು ತನ್ನ ಗುರುತು ಬಿಡಬೇಕು, ಅದನ್ನು ಪರದೆಯ ಮೇಲೆ ತೋರಿಸಬೇಕು. ಇದು ಪ್ರಯೋಗ. ಎರಡನೆಯ ಪ್ರತಿ ಇಲ್ಲ, ಪ್ರದರ್ಶನಕ್ಕೆ ಒಂದೇ ವಾರ.

ಜಮಖಂಡಿಯಲ್ಲಿ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟು ಸೊನ್ನೆ ರೂಪಾಯಿ. ಕಂಡಕ್ಟರರ ಕಣ್ಣು ನಮ್ಮ ತಗಡಿನ ಡಬ್ಬಿಯ ಮೇಲೆ ಬಿತ್ತು.

“ಏನೈತ್ರಿ ಅದರಾಗ?”

“ಸಿನಿಮಾ ರೀಲ್ರಿ. ಹುಗಿಯಾಕ ಒಯ್ಯಾಕತ್ತೇವಿ,” ಎಂದೆ.

“ಅಷ್ಟ ಕೆಟ್ಟ ಐತೇನ್ರಿ ಸಿನಿಮಾ?”

ಗಲಗಲಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ರೀಲು ಹೂತು, ಗುರುತಿಗೆ ಒಂದು ಜಾಲಿಕೋಲು ನೆಟ್ಟು, ಬೀಳಗಿಯ ನಮ್ಮ ಅಕ್ಕನ ಮನೆಯಲ್ಲಿ ನಾಲ್ಕು ದಿನ ಕಾದೆವು. ಕುಂತಲ್ಲೇ ಬೆವರಿಳಿಯುವ ಸೆಕೆ. ಹೊತ್ತು ಹೋಗಲೆಂದು ವಾದ ಹೂಡಿದೆ. ಎಲ್ಲಿ ಹೂಳಬೇಕು, ಯಾವಾಗ ತೆಗೆಯಬೇಕು, ಎಲ್ಲ ನೀನೇ ಗೊತ್ತುಮಾಡಿ ಆಮೇಲೆ ನದಿ ಬರೆಯಿತು ಅನ್ನುವುದು ಯಾವ ನ್ಯಾಯ?

“ನಿನಗ ಎಲ್ಲಾದಕ್ಕೂ ಸಾಕ್ಷಿ ಬೇಕಲೇ,” ಎಂದಳು. ಬೇಕು.

ಐದನೆಯ ದಿನ ತೆಗೆದೆವು. ಬೆಳಕಿಗೆ ಹಿಡಿದರೆ ಬೇರು ಇಳಿದಂಥ ಕಲೆಗಳು. ಚೆಂದ ಇದ್ದವು, ಸುಳ್ಳು ಹೇಳಲಾರೆ. ಮುಧೋಳದಲ್ಲಿ ಬಸ್ಸು ಬದಲಿಸಿ, ಕಾಲಿಡಲು ಜಾಗವಿಲ್ಲದೆ ನಿಂತೇ ಬನಹಟ್ಟಿ ಸೇರಿದೆವು. ಅಲ್ಲಿ ಶ್ವೇತಾಳ ದೊಡ್ಡವ್ವ ನೂಲಿಗೆ ಬಣ್ಣ ಹಾಕುವವರು. ಕೆಸರು ಒಣಗಲೆಂದು ಇವಳು ರೀಲು ಬಿಚ್ಚಿ, ನೂಲಿನ ಲಡಿಗಳ ಪಕ್ಕದ ಹಗ್ಗಕ್ಕೆ ಹಾಕಿ ಮಲಗಿಬಿಟ್ಟಳು. ಯಾರಿಗೂ ಹೇಳಲಿಲ್ಲ. ಆ ಹಗ್ಗಕ್ಕೆ ಬಂದದ್ದೆಲ್ಲ ಬಣ್ಣಕ್ಕೆ ಮೊದಲು, ಕೊಳೆ ಬಿಡಲೆಂದು, ಬಟ್ಟೆಸೋಡಾ ಹಾಕಿದ ಬಿಸಿನೀರಿಗೆ ಹೋಗುವುದು ಆ ಮನೆಯ ಪದ್ಧತಿ.

ಬೆಳಿಗ್ಗೆ ರೀಲು ಗಾಜಿನಂತೆ ಹೊಳೆಯುತ್ತಿತ್ತು.

“ಹೊಲಸಾಗಿತ್ತಲ್ಲಬೇ, ತೊಳದ ಹಾಕೀನಿ,” ಎಂದರು ದೊಡ್ಡವ್ವ.

“ದೊಡ್ಡವ್ವಾ, ಅದು ನೂಲಲ್ಲ,” ಎಂದಳು ಶ್ವೇತಾ.

“ನೂಲಲ್ಲಂತ ನನಗ ಗೊತ್ತಿಲ್ಲೇನ? ದಣದ ಮಲಗಿದ್ದಿ, ಅದಕ್ಕ ನಾನ ತೊಳದ್ನಿ. ಚಾ ಕುಡಿ.”

ಶ್ವೇತಾ ಚಹಾ ಮುಟ್ಟಲಿಲ್ಲ. ಬಿಸಿನೀರಿಗೆ ಚಿತ್ರದ ಪದರವೇ ಬಹುಪಾಲು ಕರಗಿ ಹೋಗಿತ್ತು. ಅದರೊಂದಿಗೆ ನದಿಯ ಕಲೆಗಳೂ. ಉಳಿದ ಪದರದ ಮೇಲೆ, ಲಡಿ ಹಿಂಡುವವರು ಹಿಡಿಯುವಂತೆ, ಮೊಳಕ್ಕೊಂದು ಬೆರಳ ಗುರುತು. ಗೆರೆಗಳನ್ನು ಎಣಿಸಬಹುದಿತ್ತು.

ಜಮಖಂಡಿಗೆ ಮರಳುವ ಬಸ್ಸಿನಲ್ಲಿ ಅವಳು ರೀಲನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಇದನ್ನ ತೋರಸ್ತೀನಿ,” ಎಂದಳು. ನನಗೆ ಖುಷಿಯಾಯಿತು. ಆಮೇಲೆ ಪೆನ್ನು ತೆಗೆದು, ತೊಡೆಯ ಮೇಲಿಟ್ಟ ಚೀಟಿಯಲ್ಲಿ ಮೊದಲೇ ಯೋಚಿಸಿಟ್ಟಿದ್ದ ಅದೇ ಸಾಲು ಬರೆದಳು.

ನಾನು ಡಬ್ಬಿಯ ಮೇಲೆ ಕೈಯಿಟ್ಟು ಕೇಳಿದೆ: “ಶ್ವೇತಾ, ನದಿ ಹೆಸರ ಬರದಿ. ಈ ಬೆರಳ ಯಾರವು?”